ಡ್ರೋನ್ ಮ್ಯಾಪಿಂಗ್‌ಗೆ ಹಳೇ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ತಗೋಬಹುದಾ? ಪ್ರಿಸಿಷನ್ 7510 ಅಥವಾ ಥಿಂಕ್‌ಪ್ಯಾಡ್ ಪಿ52?

ಶಿರಸಿ_ಸರ್ವೆ:
ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆ ಸರ್ವೆ ಕೆಲಸ ಮಾಡ್ತೀನಿ, ತೋಟ, ಗದ್ದೆ, ಸಣ್ಣಪುಟ್ಟ ಲೇಔಟ್ ಎಲ್ಲಾ. ಈಗೀಗ ಡ್ರೋನ್ ಹಾರಿಸಿ ಆರ್ಥೋ ಮ್ಯಾಪು (ಮೇಲಿಂದ ತೆಗೆದ ಫೋಟೋ ಜೋಡಿಸಿದ ಅಳತೆಯ ನಕ್ಷೆ), ಕಾಂಟೂರು (ಎತ್ತರದ ಗೆರೆಗಳು) ಮಾಡಿಕೊಡಿ ಅಂತ ಕೇಳೋರು ಜಾಸ್ತಿ ಆಗಿದಾರೆ. ನನ್ನ ಹತ್ರ ಇರೋದು 8 ಜಿಬಿ ರ್ಯಾಮ್ ಇರೋ ಮಾಮೂಲಿ ಲ್ಯಾಪ್‌ಟಾಪ್, ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್ ಆರಾಮಾಗಿ ಓಡತ್ತೆ ಆದ್ರೆ ಡ್ರೋನ್ ಫೋಟೋ ಜೋಡಿಸಿ ನಕ್ಷೆ ಮಾಡೋ ವೆಬ್‌ಒಡಿಎಂ‌ಗೆ 150 ಫೋಟೋ ಕೊಟ್ರೆ ಅರ್ಧಕ್ಕೇ ನಿಂತು ಎರರ್ ಬರತ್ತೆ. ನನ್ನ ಒಂದೊಂದು ಕೆಲಸದಲ್ಲಿ 300ರಿಂದ 400 ಫೋಟೋ ಇರತ್ತೆ. ಡೆಸ್ಕ್‌ಟಾಪ್ ತಗೊಳಿ ಅಂತ ಹೇಳ್ಬೇಡಿ, ಮಳೆಗಾಲ ಶುರುವಾದ್ರೆ ನಮ್ಮಲ್ಲಿ ಕರೆಂಟ್ ಹೋದ್ರೆ ಯಾವಾಗ ಬರತ್ತೋ ಹೇಳಕ್ಕಾಗಲ್ಲ, ಮತ್ತೆ ಸೈಟಿಗೂ ಒಯ್ಬೇಕು.

ಬಜೆಟ್ 35 ಸಾವಿರದ ಒಳಗೆ. ಹುಬ್ಬಳ್ಳೀಲಿ ಎರಡು ನೋಡಿದೀನಿ. ಒಂದು ಡೆಲ್ ಪ್ರಿಸಿಷನ್ 7510, ಐ7 6820ಎಚ್‌ಕ್ಯೂ, 32 ಜಿಬಿ ರ್ಯಾಮ್, ಕ್ವಾಡ್ರೋ ಎಂ1000ಎಂ ಗ್ರಾಫಿಕ್ಸ್ ಕಾರ್ಡ್. ಇನ್ನೊಂದು ಥಿಂಕ್‌ಪ್ಯಾಡ್ ಪಿ52, ಆರು ಕೋರ್ ಐ7 8850ಎಚ್, ಆದ್ರೆ ರ್ಯಾಮ್ 16 ಜಿಬಿ ಅಷ್ಟೇ, ರೇಟು ಬಜೆಟ್‌ಗಿಂತ ಸುಮಾರು ಮೇಲೆ. ಯಾವುದು ತಗೊಳ್ಲಿ?

ರೋಡ್_ಸುತ್ತಾಟ:
ಪಿ52 ತಗೊಳಿ ಗುರು, ಎರಡನೇ ಯೋಚನೆ ಬೇಡ. 7510 ಅನ್ನೋದು 2015ರ ಕೊನೇಲಿ ಬಂದ ಮೆಷಿನ್ನು, ಆರನೇ ಜನರೇಶನ್, ವಿಂಡೋಸ್ 11 ಅಧಿಕೃತವಾಗಿ ಬರಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. ಪಿ52 2018ರದ್ದು, ಎಂಟನೇ ಜನರೇಶನ್, 11 ಸಲೀಸಾಗಿ ಕೂರತ್ತೆ. ಎಸ್‌ಪಿ ರೋಡಲ್ಲಿ ನೋಡಿದ್ರೆ ಪಿ52, ಪ್ರಿಸಿಷನ್ 7530, ಝಡ್‌ಬುಕ್ 15 ಜಿ5 ಮೂರೂ ಸಿಗತ್ವೆ, ಮೂರೂ ಒಂದೇ ಕಾಲದ್ದು, ಯಾವುದು ಚೆನ್ನಾಗಿದ್ರೆ ಅದನ್ನ ಎತ್ತಿಕೊಳಿ. ಬೆಂಗಳೂರಿಗೆ ಬಂದಾಗ ಒಂದು ದಿನ ಇಟ್ಕೊಂಡು ಬನ್ನಿ, ಒಂದೇ ಅಂಗಡೀಲಿ ನೋಡಿ ತೀರ್ಮಾನ ಮಾಡ್ಬೇಡಿ.

ಧಾರವಾಡ_ಕ್ಯಾಡ್:
ನಂದು ಥಿಂಕ್‌ಪ್ಯಾಡ್ ಪಿ50 ಐತ್ರಿ, ಅದೂ 6820ಎಚ್‌ಕ್ಯೂನ. ಆಟೋಕ್ಯಾಡ್, ರೆವಿಟ್ ಎರಡೂ ದಿನಾ ಓಡಿಸ್ತೀನಿ. ಆಟೋಕ್ಯಾಡ್ ಹೆಚ್ಚಾನೆಚ್ಚು ಒಂದ ಕೋರ್ ಮ್ಯಾಲ ನಡೀತೈತಿ, ಹಂಗಾಗಿ ಆರು ಕೋರ್ ಇದ್ರೂ ನಾಕು ಕೋರ್ ಇದ್ರೂ ನನಗ ದೊಡ್ಡ ಫರಕ್ ಅನ್ನಿಸಿಲ್ಲ. ಆದ್ರ ಸರ್ವೆಯವರ ಕೆಲಸ ಬ್ಯಾರೆ, ಫೋಟೋ ಜೋಡ್ಸೋದು ಎಲ್ಲಾ ಕೋರೂ ತಿಂತೈತಿ, ರ್ಯಾಮೂ ತಿಂತೈತಿ. ರೊಕ್ಕ ಇದ್ರ ಪಿ52 ಛಲೋ. ಇಲ್ಲಂದ್ರ 7510 ಏನ್ ಕೆಟ್ಟದ್ದಲ್ರಿ, ಕೀಬೋರ್ಡ್ ಗಟ್ಟಿ, ಬಾಡಿ ಗಟ್ಟಿ, ಬಿಚ್ಚಿ ಸ್ವಚ್ಛ ಮಾಡಾಕ ಹಗೂರ ಐತಿ.

ಹಳೇಬೋರ್ಡ್:
ಮೈಸೂರಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡ್ತೀನಿ, ಈ ಪ್ರಿಸಿಷನ್, ಝಡ್‌ಬುಕ್, ಥಿಂಕ್‌ಪ್ಯಾಡ್ ಡಬ್ಲ್ಯೂ ಮತ್ತೆ ಪಿ ಸೀರೀಸು ನನ್ನ ಟೇಬಲ್ ಮೇಲೆ ದಿನಾ ಇರತ್ತೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ.

ಸರ್, ಮೊದಲು ಪ್ರೊಸೆಸರ್ ಜನರೇಶನ್ ಮರೆತುಬಿಡಿ. ನಿಮ್ಮ ಕೆಲಸ ನಿಲ್ತಿರೋದು ರ್ಯಾಮ್ ಸಾಲದೆ. ವೆಬ್‌ಒಡಿಎಂ ಮಾಡೋ ಓಪನ್‌ಡ್ರೋನ್‌ಮ್ಯಾಪ್ (ಒಡಿಎಂ) ನೋರೇ ಒಂದು ಅಂದಾಜು ಕೊಟ್ಟಿದಾರೆ, 250 ಫೋಟೋಗೆ 16 ಜಿಬಿ, 500ಕ್ಕೆ 32, 1500ಕ್ಕೆ 64, ಅಂದ್ರೆ ರ್ಯಾಮ್ ಮತ್ತೆ ಸ್ವಾಪ್ (ರ್ಯಾಮ್ ತುಂಬಿದಾಗ ಡಿಸ್ಕಲ್ಲಿ ಬಳಸೋ ಜಾಗ) ಎರಡೂ ಸೇರಿಸಿ. ಸ್ವಾಪ್ ಮೇಲೆ ಬಿದ್ರೆ ಕೆಲಸ ಮುಗಿಯತ್ತೆ ಆದ್ರೆ ಆಮೆ ಥರ. ನಿಮಗೆ 400 ಫೋಟೋ ಅಂದ್ರೆ 32 ಜಿಬಿ ಬೇಕೇ ಬೇಕು, 64 ಇದ್ರೆ ಮುಂದಿನ ದಿನಕ್ಕೂ ಆಯ್ತು. 16 ಜಿಬಿ ಇರೋ ಪಿ52 ತಗೊಂಡ್ರೆ ಮತ್ತೆ ರ್ಯಾಮ್‌ಗೆ ದುಡ್ಡು ಹಾಕ್ಬೇಕು, 2025ರ ಕೊನೇಂದ ಡಿಡಿಆರ್4 ರೇಟು ಏರಿರೋದ್ರಿಂದ ಅದು ಸಣ್ಣ ಮಾತಲ್ಲ. ಈ ಹೊತ್ತಲ್ಲಿ ಹಳೇ ವರ್ಕ್‌ಸ್ಟೇಷನ್ ತಗೊಳೋರು ರ್ಯಾಮ್ ತುಂಬಿರೋ ಮೆಷಿನ್ನೇ ಹುಡುಕಬೇಕು.

ಎರಡರಲ್ಲೂ ರ್ಯಾಮ್ ಸ್ಲಾಟ್ ನಾಕು. 7510ಗೆ 16ರ ನಾಕು ಸ್ಟಿಕ್ ಹಾಕಿ 64ರ ತನಕ ಹೋಗಬಹುದು, ಪಿ52ಗೆ 32ರ ಸ್ಟಿಕ್ ಹಾಕಿ 128ರ ತನಕ. ಎಂ.2 ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಎರಡರಲ್ಲೂ ಹೋಗತ್ತೆ. ಪ್ರೊಸೆಸರ್ ಎರಡರಲ್ಲೂ ಬೋರ್ಡಿಗೇ ಬೆಸುಗೆ ಆಗಿರತ್ತೆ, ಆಮೇಲೆ ಬದಲಾಯಿಸೋಣ ಅನ್ನೋ ಆಸೆ ಇಟ್ಕೋಬೇಡಿ.

ಈಗ ಅಂಗಡೀಲಿ ಏನು ನೋಡ್ಬೇಕು ಅಂತ. ಆನ್ ಮಾಡಿ ನೇರ ವಿಂಡೋಸ್‌ಗೆ ಹೋಗ್ಬೇಡಿ, ಡೆಲ್ ಆದ್ರೆ ಎಫ್2, ಥಿಂಕ್‌ಪ್ಯಾಡ್ ಆದ್ರೆ ಎಫ್1 ಒತ್ತಿ ಬಯೋಸ್‌ಗೆ (ವಿಂಡೋಸಿಗೂ ಮೊದಲು ಬರೋ ಸೆಟ್ಟಿಂಗ್ ಪುಟ) ಹೋಗಿ. ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಇದ್ರೆ ಮುಟ್ಟಬೇಡಿ, ಅಂಗಡಿಯವರು ನಿಮ್ಮ ಎದುರಿಗೇ ತೆಗೆದುಕೊಟ್ರೆ ಮಾತ್ರ ಮುಂದಿನ ಮಾತು. ಥಿಂಕ್‌ಪ್ಯಾಡ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತ್ರೆ ಕಂಪನಿ ಲೆಕ್ಕದಲ್ಲಿ ಬೋರ್ಡೇ ಬದಲಾಯಿಸ್ಬೇಕು. ಕಂಪ್ಯೂಟ್ರೇಸ್ (ಲ್ಯಾಪ್‌ಟಾಪ್ ಎಲ್ಲಿದೆ ಅಂತ ಪತ್ತೆ ಹಚ್ಚೋ ವ್ಯವಸ್ಥೆ) ಅನ್ನೋ ಆಯ್ಕೆ ಆಕ್ಟಿವೇಟ್ ಅಂತ ತೋರಿಸ್ತಿದ್ರೆ ಅದನ್ನ ಬಯೋಸಿಂದ ಮತ್ತೆ ಆಫ್ ಮಾಡಕ್ಕಾಗಲ್ಲ, ಆ ಮೆಷಿನ್ ಯಾವುದೋ ಕಂಪನಿಯ ಕಣ್ಗಾವಲಲ್ಲೇ ಇರಬಹುದು, ಬಿಟ್ಟುಬಿಡಿ. ಡೆಲ್ ಆದ್ರೆ ಕೆಳಗಿರೋ ಸರ್ವಿಸ್ ಟ್ಯಾಗ್ ಡೆಲ್ ವೆಬ್‌ಸೈಟಲ್ಲಿ ಹಾಕಿ, ಫ್ಯಾಕ್ಟರಿಯಿಂದ ಏನೇನು ಹಾಕಿ ಕಳಿಸಿದ್ರು ಅನ್ನೋ ಪಟ್ಟಿ ಬರತ್ತೆ, ಈಗ ಇರೋದಕ್ಕೆ ತಾಳೆ ನೋಡಿ. ಆಮೇಲೆ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್ ಓಡಿಸಿ, ಫ್ಯಾನು, ಡಿಸ್ಕು, ಮೆಮೊರಿ, ಬ್ಯಾಟರಿ ಎಲ್ಲಾ ಅದೇ ನೋಡತ್ತೆ.

ಲ್ಯಾಪ್‌ಟಾಪನ್ನ ಸಮತಟ್ಟಾದ ಗಾಜಿನ ಮೇಲೆ ಇಟ್ಟು ನೋಡಿ. ಅಲ್ಲಾಡಿದ್ರೆ, ಇಲ್ಲಾ ಟಚ್‌ಪ್ಯಾಡ್ ಒಂದು ಕಡೆ ಎದ್ದಿದ್ರೆ, ಬ್ಯಾಟರಿ ಉಬ್ಬಿರಬಹುದು. ಉಬ್ಬಿರೋ ಬ್ಯಾಟರಿ ಜೊತೆ ಚೌಕಾಸಿ ಬೇಡ, ಹೊಸದು ಹಾಕಿಸಿಕೊಂಡೇ ತಗೊಳಿ, ಹಳೇದನ್ನ ಕಸದ ಗಾಡಿಗೆ ಹಾಕ್ಬೇಡಿ.

ಕುಡ್ಲ_ಲಿನಕ್ಸ್:
ಹಳೇಬೋರ್ಡಿನವರು ಹೇಳಿದ್ದು ಸರಿ ಉಂಟು. ಒಂದು ಮಾತು ಸೇರಿಸ್ತೇನೆ. ವೆಬ್‌ಒಡಿಎಂ ಡಾಕರ್ (ಸಾಫ್ಟ್‌ವೇರನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟ ಹಾಗೆ ಓಡಿಸುವ ವ್ಯವಸ್ಥೆ) ಒಳಗೆ ಓಡುವುದಲ್ವಾ, ವಿಂಡೋಸಿನಲ್ಲಿ ಡಾಕರ್ ಹಾಕಿದ್ರೆ ಅದು ಡಬ್ಲ್ಯೂಎಸ್‌ಎಲ್2 (ವಿಂಡೋಸಿನ ಒಳಗೆ ಓಡುವ ಲಿನಕ್ಸ್) ಮೇಲೆ ಕೂತ್ಕೊಳ್ತದೆ, ಡಬ್ಲ್ಯೂಎಸ್‌ಎಲ್2 ತಾನಾಗಿ ತಗೊಳ್ಳುವುದು ಒಟ್ಟು ರ್ಯಾಮಿನ ಅರ್ಧ ಮಾತ್ರ. ನೀವು 32 ಹಾಕಿದ್ರೂ ಒಡಿಎಂ ಕಣ್ಣಿಗೆ ಕಾಣುವುದು 16. ಅದಕ್ಕೆ ಸೆಟ್ಟಿಂಗ್ ಫೈಲಿನಲ್ಲಿ ಹೆಚ್ಚು ಮಾಡಬೇಕು, ಇಲ್ಲದಿದ್ರೆ ಉಬುಂಟು ಅಥವಾ ಡೆಬಿಯನ್ ಹಾಕಿ, ಇಡೀ ರ್ಯಾಮ್ ಸಿಗ್ತದೆ, ವಿಂಡೋಸ್ 11ರ ತಲೆಬಿಸಿಯೂ ಇಲ್ಲ. ಕ್ಯೂಜಿಐಎಸ್ ಅಲ್ಲಿಯೂ ಚಂದ ಓಡ್ತದೆ.

ಕ್ವಾಡ್ರೋ ನೋಡಿ ಹೆಚ್ಚು ದುಡ್ಡು ಕೊಡಬೇಡಿ ಮಾರಾಯ್ರೆ. ಒಡಿಎಂಗೆ ಗ್ರಾಫಿಕ್ಸ್ ಕಾರ್ಡ್ ಕಡ್ಡಾಯ ಅಲ್ಲ. ಮತ್ತೆ ಎಂ1000ಎಂ ಮ್ಯಾಕ್ಸ್‌ವೆಲ್ ಪೀಳಿಗೆಯದ್ದು, ಪಿ52ರಲ್ಲಿ ಬರುವುದು ಪಾಸ್ಕಲ್ ಪೀಳಿಗೆಯದ್ದು, ಎರಡಕ್ಕೂ ಎನ್ವಿಡಿಯಾದ 580 ಸಾಲಿನ ಡ್ರೈವರೇ ಕೊನೆ. ಇನ್ನೂ ಹಿಂದಿನ ಕೆಪ್ಲರ್ ಕಾರ್ಡುಗಳಿಗೆ 470ರಲ್ಲೇ ನಿಂತಿತ್ತು. ಹಾಗಾಗಿ ಕಾರ್ಡಿನ ವಿಷಯದಲ್ಲಿ ಪಿ52 ಮುಂದೆ ಉಂಟು ಅಂತ ಇಲ್ಲ.

ರೋಡ್_ಸುತ್ತಾಟ:
ಹ್ಮ್, ರ್ಯಾಮ್ ರೇಟಿನ ಲೆಕ್ಕ ಹಾಕಿದ್ರೆ ಹಳೇಬೋರ್ಡ್ ಮಾತು ಒಪ್ಪಬೇಕಾದ್ದೇ. ಆದ್ರೂ ವಿಂಡೋಸ್ ಬೇಕೇ ಬೇಕು ಅನ್ನೋರಿಗೆ ನಾನು ಪಿ52 ಅಂತಲೇ ಹೇಳ್ತೀನಿ.

ಶಿರಸಿ_ಸರ್ವೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 7510 ತಗೊಂಡೆ. ಬಯೋಸ್ ಪಾಸ್‌ವರ್ಡ್ ಇಲ್ಲ, ಕಂಪ್ಯೂಟ್ರೇಸ್ ಆಫ್ ಇದೆ, ಸರ್ವಿಸ್ ಟ್ಯಾಗ್ ತಾಳೆ ಆಯ್ತು, ಗಾಜಿನ ಟೇಬಲ್ ಮೇಲೆ ಸರಿಯಾಗಿ ಕೂತಿದೆ. ಅಂಗಡೀಲಿ ಬ್ಯಾಟರಿ ಮೇಲೇ ಓಡಿಸಿ ನೋಡಿದ್ದು, ಚುರುಕಾಗಿತ್ತು.

ಈಗ ಮನೇಲಿ ಒಂದು ವಿಚಿತ್ರ. ಚಾರ್ಜರ್ ಹಾಕಿದ ಕೂಡ್ಲೇ ಇಡೀ ಮೆಷಿನ್ ಮಂದ ಆಗಿಬಿಡತ್ತೆ, ಮೌಸ್ ಕೂಡ ಎಳೆದಂಗೆ ಹೋಗತ್ತೆ. ಟಾಸ್ಕ್ ಮ್ಯಾನೇಜರಲ್ಲಿ ನೋಡಿದ್ರೆ ಸ್ಪೀಡ್ 0.79 ಗಿಗಾಹರ್ಟ್ಸ್, ಅಲ್ಲಿಂದ ಮೇಲೇಳಲ್ಲ. ಚಾರ್ಜರ್ ಕಿತ್ರೆ 3ರ ಮೇಲೆ ಹೋಗತ್ತೆ. ಇದರಲ್ಲಿ 400 ಫೋಟೋ ಹಾಕಿದ್ರೆ ದೀಪಾವಳಿ ತನಕ ಕಾಯ್ಬೇಕು. ಸದ್ಯಕ್ಕೆ ವಿಂಡೋಸೇ ಇದೆ, ಇನ್ನೂ ಉಬುಂಟು ಹಾಕಿಲ್ಲ.

ಹೊಸಬ_ಹಾಸನ:
ವೈರಸ್ ಇರಬೇಕು ಅನ್ಸತ್ತೆ, ವಿಂಡೋಸ್ ಫಾರ್ಮ್ಯಾಟ್ ಮಾಡಿ ನೋಡಿ. ಇಲ್ಲಾ ಥರ್ಮಲ್ ಪೇಸ್ಟ್ ಒಣಗಿರತ್ತೆ, ಹಳೇ ಲ್ಯಾಪ್‌ಟಾಪ್ ಎಲ್ಲದಕ್ಕೂ ಅದೇ ಕಾಯಿಲೆ.

ಮಾಡ್_ಪ್ರಿಯ:
ಸಿಂಪಲ್ ಬ್ರೋ. ಥ್ರಾಟಲ್‌ಸ್ಟಾಪ್ ಅನ್ನೋ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ, ಬಿಡಿ ಪ್ರೋಕ್‌ಹಾಟ್ ಅನ್ನೋ ಟಿಕ್ ತೆಗೀರಿ, ಸೇವ್ ಮಾಡಿ, ಫುಲ್ ಸ್ಪೀಡ್. ನನ್ನ ಹಳೇ ಮೆಷಿನ್‌ಗೂ ಹಂಗೇ ಮಾಡಿದ್ದೆ.

ಹಳೇಬೋರ್ಡ್:
ದಯವಿಟ್ಟು ಆ ಟಿಕ್ ಮುಟ್ಟಬೇಡಿ, ಕಾರಣ ಹೇಳ್ತೀನಿ.

ಪ್ರೋಕ್‌ಹಾಟ್ ಅನ್ನೋದು ಪ್ರೊಸೆಸರ್‌ಗೆ ಹೋಗೋ ಒಂದು ಸಿಗ್ನಲ್. ಬೋರ್ಡ್ ಮೇಲಿರೋ ಬೇರೆ ಸರ್ಕ್ಯೂಟುಗಳು ಏನೋ ಸರಿ ಇಲ್ಲ ಅಂತ ಅನ್ನಿಸಿದಾಗ ಆ ಲೈನ್ ಎಳೆದು ಪ್ರೊಸೆಸರನ್ನ ಕನಿಷ್ಠ ವೇಗಕ್ಕೆ ಇಳಿಸ್ತವೆ. ಟಿಕ್ ತೆಗೆದ್ರೆ ಬೋರ್ಡು ಕೂಗೋದು ಪ್ರೊಸೆಸರಿಗೆ ಕೇಳಿಸಲ್ಲ ಅಷ್ಟೇ, ಕೂಗಿಗೆ ಕಾರಣ ಹಾಗೇ ಇರತ್ತೆ. ಅಡಾಪ್ಟರ್ ಕಡಿಮೆ ತಾಕತ್ತಿಂದು ಆಗಿದ್ರೆ ಅದರ ಮೇಲೆ ತಡ್ಕೊಳ್ಳಕ್ಕಾಗದಷ್ಟು ಲೋಡ್ ಬೀಳತ್ತೆ, ರಾತ್ರಿಯಿಡೀ ಫೋಟೋ ಪ್ರೊಸೆಸ್ ಮಾಡಕ್ಕೆ ಬಿಟ್ಟು ಮಲಗೋ ಮನೇಲಿ ಆ ಕೆಲಸ ಮಾಡ್ಬೇಡಿ, ನಾನು ಕರಗಿ ಹೋಗಿರೋ ಅಡಾಪ್ಟರ್ ಕೈಯಲ್ಲಿ ಹಿಡಿದಿದೀನಿ.

ಪೇಸ್ಟ್ ಅಂತ ನನಗೆ ಅನ್ನಿಸ್ತಿಲ್ಲ. ಬಿಸಿಯಿಂದ ಸ್ಪೀಡ್ ಇಳಿಯೋದಾದ್ರೆ ಚಾರ್ಜರ್ ಕಿತ್ತಾಗಲೂ ಸ್ವಲ್ಪ ಹೊತ್ತಲ್ಲಿ ಇಳೀಬೇಕು, ಮತ್ತೆ ಏರೋದು ಇಳಿಯೋದು ಆಗ್ತಾ ಇರಬೇಕು. ಇಲ್ಲಿ ಚಾರ್ಜರ್ ಹಾಕಿದ ಕ್ಷಣಕ್ಕೆ ಬೀಳತ್ತೆ, ಕಿತ್ತ ಕ್ಷಣಕ್ಕೆ ಏಳತ್ತೆ. ಫಾರ್ಮ್ಯಾಟೂ ಬೇಡ. ಮೂರು ವಿಷಯ ನೋಡಿ ಹೇಳಿ. ಚಾರ್ಜರ್ ಹಾಕಿದಾಗ ಬ್ಯಾಟರಿ ಪರ್ಸೆಂಟ್ ಏರ್ತಿದೆಯಾ? ಬಯೋಸ್‌ನಲ್ಲಿ ಬ್ಯಾಟರಿ ಇನ್ಫಾರ್ಮೇಶನ್ ಅನ್ನೋ ಪುಟದಲ್ಲಿ ಅಡಾಪ್ಟರ್ ಎಷ್ಟು ವ್ಯಾಟ್ ಅಂತ ತೋರಿಸ್ತಿದೆ? ಅಡಾಪ್ಟರ್ ಬೆನ್ನ ಮೇಲಿನ ಚೀಟೀಲಿ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಬರೆದಿದೆ?

ಶಿರಸಿ_ಸರ್ವೆ:
ನೋಡಿದೆ ಸರ್. ಬ್ಯಾಟರಿ 61ರಲ್ಲೇ ನಿಂತಿದೆ, ಪ್ಲಗ್ ಆಗಿದೆ ಚಾರ್ಜ್ ಆಗ್ತಿಲ್ಲ ಅಂತ ಬರತ್ತೆ. ಬಯೋಸಲ್ಲಿ ಅಡಾಪ್ಟರ್ ಮುಂದೆ ವ್ಯಾಟ್ ಇಲ್ಲ, ಅನ್‌ನೋನ್ ಅಂತ ಇದೆ. ಚೀಟೀಲಿ 19.5 ವೋಲ್ಟ್, 9.23 ಆಂಪ್ ಅಂತಲೇ ಬರೆದಿದೆ, ಅಂದ್ರೆ 180 ವ್ಯಾಟೇ ಆಯ್ತಲ್ಲ? ಆದ್ರೆ ಕೈಗೆ ತುಂಬಾ ಹಗುರ ಅನ್ನಿಸ್ತು.

ಒಂದು ಡೌಟು, ಹಿಂದೆ ನನ್ನ ಸ್ನೇಹಿತನ ಡೆಲ್‌ನಲ್ಲಿ ಹಿಂಗಾದಾಗ ಆನ್ ಮಾಡುವಾಗಲೇ ಅಡಾಪ್ಟರ್ ಗೊತ್ತಾಗ್ತಿಲ್ಲ ಅಂತ ಮೆಸೇಜ್ ಬರ್ತಿತ್ತು. ನನ್ನದರಲ್ಲಿ ಏನೂ ಬಂದಿಲ್ಲ.

ಹಳೇಬೋರ್ಡ್:
ಸಿಕ್ತು ನೋಡಿ. ಆ ಮೆಸೇಜನ್ನ ಬಯೋಸ್‌ನಲ್ಲಿ ಆಫ್ ಮಾಡಬಹುದು, ಪೋಸ್ಟ್ ಬಿಹೇವಿಯರ್ ಅನ್ನೋದರ ಒಳಗೆ ಅಡಾಪ್ಟರ್ ವಾರ್ನಿಂಗ್ಸ್ ಅಂತ ಒಂದು ಟಿಕ್ ಇರತ್ತೆ. ಹಿಂದಿನ ಮಾಲೀಕರೋ ಯಾರೋ ತೆಗೆದಿರ್ತಾರೆ. ಈಗಲೇ ಮತ್ತೆ ಹಾಕಿ. ಹಳೇ ಡೆಲ್ ತಗೊಳೋ ಎಲ್ಲರೂ ಅಂಗಡೀಲಿ ನಿಂತೇ ಇದನ್ನ ನೋಡ್ಬೇಕು ಅನ್ನೋದು ನನ್ನ ಕಳಕಳಿ.

ಈಗ ಚಾರ್ಜರ್ ಪಿನ್ ಬೆಳಕಿಗೆ ಹಿಡಿದು ಒಳಗೆ ನೋಡಿ. ದಪ್ಪ ಕೊಳವೆ ಥರದ ತುದಿ, ಅದರ ನಡುವೆ ಸೂಜಿಯಷ್ಟು ಸಣ್ಣ ಕಡ್ಡಿ ಇರತ್ತೆ. ಕರೆಂಟು ಹೋಗೋದು ಕೊಳವೆಯ ಒಳಗಿನ ಹೊರಗಿನ ಮೈಯಿಂದ, ನಡುವಿನ ಕಡ್ಡಿ ಕರೆಂಟಿಗಲ್ಲ, ಮಾತಾಡಕ್ಕೆ. ಅಡಾಪ್ಟರ್ ಒಳಗೆ ಒಂದು ಪುಟ್ಟ ಚಿಪ್ ಇದೆ, ನಾನು ಇಷ್ಟು ವ್ಯಾಟಿನವನು ಅಂತ ಅದು ಆ ಕಡ್ಡಿ ಮೂಲಕ ಲ್ಯಾಪ್‌ಟಾಪಿಗೆ ಹೇಳತ್ತೆ. ಆ ಉತ್ತರ ಬರದಿದ್ರೆ ಲ್ಯಾಪ್‌ಟಾಪ್ ಯಾರನ್ನೂ ನಂಬಲ್ಲ, ಬ್ಯಾಟರಿ ಚಾರ್ಜ್ ಮಾಡಲ್ಲ, ಪ್ರೊಸೆಸರನ್ನ ಕೆಳಗಿಳಿಸಿ ಇಡತ್ತೆ. ಅದಕ್ಕೇ ಚೀಟೀಲಿ ಏನು ಬರೆದಿದ್ರೂ ಪ್ರಯೋಜನ ಇಲ್ಲ.

ತಪ್ಪು ಮೂರು ಕಡೆ ಇರಬಹುದು. ಅಡಾಪ್ಟರ್ ಚಿಪ್ಪು ಅಥವಾ ಅದರ ವೈರು, ಇಲ್ಲಾ ಲ್ಯಾಪ್‌ಟಾಪಿನ ಪವರ್ ಜಾಕು, ಇಲ್ಲಾ ಬೋರ್ಡು. ದುಡ್ಡು ಖರ್ಚು ಮಾಡೋ ಮೊದಲು ಯಾರ ಹತ್ರ ಆದ್ರೂ ಅದೇ ದಪ್ಪ ಪಿನ್ನಿನ ಒರಿಜಿನಲ್ ಡೆಲ್ ಅಡಾಪ್ಟರ್ ಇದ್ರೆ, 90 ಆಗ್ಲಿ 130 ಆಗ್ಲಿ, ಐದು ನಿಮಿಷ ಇಸ್ಕೊಂಡು ಹಾಕಿ ಬಯೋಸ್ ನೋಡಿ. ಅಲ್ಲಿ ವ್ಯಾಟ್ ಕಾಣಿಸಿದ್ರೆ ಜಾಕು, ಬೋರ್ಡು ಎರಡೂ ಸರಿ.

ಧಾರವಾಡ_ಕ್ಯಾಡ್:
ಇದು ಎಲ್ಲಾರೂ ತಿಳ್ಕೋಬೇಕಾದ ಮಾತ್ರಿ. ನಮ್ಮ ಆಫೀಸಿನ್ಯಾಗ ಒಬ್ಬರು ಇದ ಕಾರಣಕ್ಕ ಹೊಸಾ ಎಸ್‌ಎಸ್‌ಡಿ ಹಾಕ್ಸಿದ್ರು, ರ್ಯಾಮ್ ಹಾಕ್ಸಿದ್ರು, ಮಷೀನ್ ಹಂಗ ನಿಧಾನ ಇತ್ತು. ಕಡೀಕ ನೋಡಿದ್ರ ಜಾಕಿನ ನಡುವಿನ ತಗಡು ಸರದಿತ್ತು. ಚಾರ್ಜರ್ ಹಾಕಿದಾಗ ವೈರ್ ಎಡವಿ ಎಳಿಯೋದರಿಂದ ಹಂಗ ಆಗತೈತಿ. ಜಾಕ್ ಸಣ್ಣ ವೈರಿನ ಜೋಡಿ ಬ್ಯಾರೆ ಪಾರ್ಟ್ ಆಗಿ ಬರತೈತಿ, ಬೆಸುಗಿ ಸೈತ ಬೇಕಾಗಲಿಲ್ಲ.

ಶಿರಸಿ_ಸರ್ವೆ:
ಪಕ್ಕದ ಸೈಬರ್‌ನೋರ ಹತ್ರ 130 ವ್ಯಾಟಿನ ಒರಿಜಿನಲ್ ಇತ್ತು. ಹಾಕಿದ ಕೂಡ್ಲೇ ಬಯೋಸಲ್ಲಿ 130 ವ್ಯಾಟ್ ಅಂತ ಬಂತು! ಬ್ಯಾಟರಿನೂ ಚಾರ್ಜ್ ಆಗಕ್ಕೆ ಶುರುವಾಯ್ತು. ವಾರ್ನಿಂಗ್ ಟಿಕ್ ಹಾಕಿದ್ದೆ, 180ರ ಬದಲು 130 ಹಾಕಿದೀರಿ ಅನ್ನೋ ಅರ್ಥದ ಮೆಸೇಜೂ ಬಂತು. ಸ್ಪೀಡ್ 3ರ ಮೇಲಿದೆ. ಅಂಗಡಿಗೆ ಫೋನ್ ಮಾಡಿದೆ, ಫೋಟೋ ಕಳಿಸಿ ವಿಷಯ ಹೇಳಿದ್ದಕ್ಕೆ ಮಾತಾಡದೆ 180ರ ಒರಿಜಿನಲ್ ಬಸ್ಸಿಗೆ ಹಾಕಿ ಕಳಿಸಿದ್ರು. ಈಗ 180 ಅಂತ ಕಾಣಿಸ್ತಿದೆ.

ಹೊಸಬ_ಹಾಸನ:
ಇಷ್ಟು ಸಣ್ಣ ಕಡ್ಡಿಯಿಂದಾನಾ! ನನ್ನ ಡೆಲ್ ಈಗಲೇ ಬಯೋಸಲ್ಲಿ ನೋಡ್ತೀನಿ. 130 ಹಾಕ್ಕೊಂಡೇ ಇದ್ರೆ ಏನಾಗತ್ತೆ?

ಹಳೇಬೋರ್ಡ್:
ಓಡತ್ತೆ, ಆದ್ರೆ ಪ್ರೊಸೆಸರೂ ಗ್ರಾಫಿಕ್ಸೂ ಒಟ್ಟಿಗೆ ಜೋರಾಗಿ ಕೆಲಸಕ್ಕಿಳಿದಾಗ ಸಾಲಲ್ಲ, ಮತ್ತೆ ವೇಗ ಇಳಿಸತ್ತೆ, ಬ್ಯಾಟರಿ ನಿಧಾನಕ್ಕೆ ತುಂಬತ್ತೆ. ಬರೀ ಟೈಪಿಂಗು, ಬ್ರೌಸಿಂಗಿಗೆ ತೊಂದ್ರೆ ಇಲ್ಲ. ಇಂಥ ಮೆಷಿನ್ ಮಂದ ಆದ್ರೆ ಮೊದಲು ಕರೆಂಟು, ಆಮೇಲೆ ಬಿಸಿ, ಅದೆರಡೂ ಸರಿ ಇದ್ರೆ ಮಾತ್ರ ಪಾರ್ಟ್ಸು. ನಮ್ಮ ಜನ ಉಲ್ಟಾ ಹೋಗಿ ಮೊದಲೇ ಎಸ್‌ಎಸ್‌ಡಿ, ರ್ಯಾಮ್ ಅಂತ ದುಡ್ಡು ಸುರೀತಾರೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ಸರ್ವೆ ಸರ್, ಕರೆಂಟ್ ಆಯ್ತು, ಈಗ ಬಿಸಿ ನೋಡಿ. ಎಚ್‌ಡಬ್ಲ್ಯೂಇನ್ಫೋ ಹಾಕಿ ಒಂದು ಸಣ್ಣ ಪ್ರಾಜೆಕ್ಟ್ ಓಡಿಸಿ ಟೆಂಪರೇಚರ್ ಬರೀರಿ. ಈ ಪ್ರೊಸೆಸರಿಗೆ 100 ಡಿಗ್ರಿ ಮಿತಿ, ಅಲ್ಲಿಗೆ ತಾಗಿದ್ರೆ ತಾನಾಗೇ ಇಳಿಯತ್ತೆ.

ಶಿರಸಿ_ಸರ್ವೆ:
40 ಫೋಟೋ ಹಾಕಿದ್ದಕ್ಕೇ 98, 99 ಹೋಯ್ತು. ಸ್ಪೀಡ್ 2.2ಕ್ಕೆ ಇಳೀತು. ಫ್ಯಾನ್ ಜೋರಾಗಿ ಕೂಗತ್ತೆ ಆದ್ರೆ ಗಾಳಿ ಬರೋ ಕಡೆ ಕೈ ಇಟ್ರೆ ಗಾಳಿನೇ ಗೊತ್ತಾಗಲ್ಲ.

ಹಳೇಬೋರ್ಡ್:
ಫ್ಯಾನ್ ತಿರುಗ್ತಿದೆ ಗಾಳಿ ಹೊರಗೆ ಬರ್ತಿಲ್ಲ ಅಂದ್ರೆ ಫಿನ್ (ಬಿಸಿ ಹೊರಹಾಕೋ ತೆಳು ತಗಡುಗಳು) ಧೂಳಿಂದ ಕಟ್ಟಿದೆ. ಕೆಳಗಿನ ಕವರ್ ತೆಗೀರಿ, ಬ್ಯಾಟರಿ ಕಳಚಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಉಳಿದ ಚಾರ್ಜ್ ಹೋಗ್ಲಿ. ಹೊರಗಿಂದ ಗಾಳಿ ಊದಿದ್ರೆ ಧೂಳು ಫ್ಯಾನ್ ಒಳಕ್ಕೆ ಹೋಗಿ ಕೂರತ್ತೆ, ಫ್ಯಾನ್ ಬಿಚ್ಚಿ ಫಿನ್ನಿನ ಒಳಮೈ ನೋಡಿ. ಹತ್ತಿಯನ್ನ ಒತ್ತಿ ಇಟ್ಟಂಗೆ ಒಂದು ಪದರ ಇರತ್ತೆ, ಚಿಮಟದಲ್ಲಿ ಹಿಡಿದು ಎಳೆದ್ರೆ ಪಟ್ಟಿ ಥರ ಬರತ್ತೆ. ಗಾಳಿ ಊದುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳಿ, ಬಿಟ್ರೆ ಅತಿ ಜೋರಾಗಿ ತಿರುಗಿ ಬೇರಿಂಗ್ ಹಾಳಾಗತ್ತೆ.

ಪೇಸ್ಟ್ ಬದಲಾಯಿಸೋದಾದ್ರೆ ಹೀಟ್‌ಸಿಂಕ್ ಸ್ಕ್ರೂ ಪಕ್ಕ 1, 2, 3, 4 ಅಂತ ಅಚ್ಚಾಗಿರತ್ತೆ. ಬಿಗಿ ಮಾಡುವಾಗ ಆ ಕ್ರಮದಲ್ಲೇ, ಎಲ್ಲಾ ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಹೋಗಿ, ಒಂದನ್ನೇ ಪೂರ್ತಿ ಬಿಗಿ ಮಾಡಿದ್ರೆ ಚಿಪ್ ಮೂಲೆ ಮುರಿಯೋ ಅಪಾಯ. ಗ್ರಾಫಿಕ್ಸ್ ಮೆಮೊರಿ ಮೇಲಿರೋ ಮೆತ್ತನೆ ಪ್ಯಾಡ್ ಹರಿದಿಲ್ಲ ಅಂದ್ರೆ ಹಾಗೇ ಬಿಡಿ, ಬದಲಾಯಿಸಲೇಬೇಕು ಅಂದ್ರೆ ಅದೇ ದಪ್ಪದ್ದು ಹಾಕಿ, ಇಲ್ಲಾಂದ್ರೆ ಹೀಟ್‌ಸಿಂಕ್ ಪ್ರೊಸೆಸರ್ ಮೇಲೆ ಸರಿಯಾಗಿ ಕೂರಲ್ಲ.

ಮಾಡ್_ಪ್ರಿಯ:
ಅಂಡರ್‌ವೋಲ್ಟ್ ಮಾಡಿದ್ರೂ, ಅಂದ್ರೆ ಪ್ರೊಸೆಸರಿಗೆ ಹೋಗೋ ವೋಲ್ಟೇಜ್ ಸ್ವಲ್ಪ ಇಳಿಸಿದ್ರೂ, ಬಿಸಿ ಇಳಿಯತ್ತಲ್ವಾ ಹಳೇಬೋರ್ಡ್ ಸರ್? ಇದಕ್ಕಾದ್ರೂ ಒಪ್ತೀರಾ?

ಹಳೇಬೋರ್ಡ್:
ಒಪ್ತೀನಿ, ಅದರಲ್ಲಿ ತಪ್ಪಿಲ್ಲ. ಆದ್ರೆ 2019ರ ಡಿಸೆಂಬರಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ಭದ್ರತಾ ದೋಷ ಹೊರಬಂದ ಮೇಲೆ ಬಂದ ಬಯೋಸ್‌ಗಳಲ್ಲಿ ಸುಮಾರು ಮೆಷಿನ್‌ಗಳಿಗೆ ಆ ದಾರಿ ಮುಚ್ಚಿಬಿಟ್ಟಿದಾರೆ. ಅದಕ್ಕೋಸ್ಕರ ಹಳೇ ಬಯೋಸ್‌ಗೆ ವಾಪಸ್ ಹೋಗೋದು ಬೇಡ. ಮೊದಲು ಧೂಳು ತೆಗೀಲಿ, ಮುಕ್ಕಾಲು ಕೆಲಸ ಅಲ್ಲೇ ಆಗತ್ತೆ.

ಶಿರಸಿ_ಸರ್ವೆ:
ತೆಗೆದೆ. ಪದರ ಕೆಂಪಗಿತ್ತು, ನಮ್ಮೂರ ಮಣ್ಣಿನ ಬಣ್ಣವೇ, ಮೊದಲು ಈ ಮೆಷಿನ್ ಎಲ್ಲಿತ್ತೋ. ಪೇಸ್ಟೂ ಹೊಸದು ಹಾಕಿದೆ. ಈಗ ಅದೇ 40 ಫೋಟೋಗೆ 84 ಡಿಗ್ರಿ ದಾಟಲಿಲ್ಲ, ಸ್ಪೀಡ್ 3.2ರ ಆಸುಪಾಸು ನಿಂತಿದೆ.

ಜೊತೆಗೆ 16ರ ಎರಡು ರ್ಯಾಮ್ ಸ್ಟಿಕ್ ಸೆಕೆಂಡ್ ಹ್ಯಾಂಡ್ ಸಿಗೋ ಹಾಗಿದೆ, ಒಂದು 2400 ಅಂತ ಬರೆದಿದೆ, ಒಂದು 2666. ನಂದು 2133. ಹಾಕಬಹುದಾ?

ಕುಡ್ಲ_ಲಿನಕ್ಸ್:
ಹಾಕಬಹುದು, ಎಲ್ಲವೂ 2133ಕ್ಕೆ ಇಳಿದು ಓಡ್ತವೆ. ಆದ್ರೆ ತಗೊಳ್ಳುವ ಮೊದಲು ಸ್ಟಿಕ್ಕಿನ ಒಂದು ಬದಿಯ ಕಪ್ಪು ಚಿಪ್ಪುಗಳನ್ನು ಎಣಿಸಿ. ನಾಕೋ ಎಂಟೋ ಇದ್ರೆ ಮಾಮೂಲಿ. ಒಂಬತ್ತು ಉಂಟು ಅಂದ್ರೆ ಅದು ಇಸಿಸಿ (ತಪ್ಪು ತಾನೇ ಸರಿಪಡಿಸುವ ರ್ಯಾಮ್), ಜಿಯಾನ್ ಪ್ರೊಸೆಸರ್ ಇರುವ ಇದೇ ಮಾಡೆಲ್‌ನಿಂದ ಕಳಚಿದ್ದು ಆಗಿರಬಹುದು, ನಿಮ್ಮ ಐ7ಗೆ ಅದು ಬೇಡ, ಮಾಮೂಲಿ ಸ್ಟಿಕ್ಕಿನ ಜೊತೆ ಬೆರೆಸುವುದೂ ಬೇಡ.

ಹಳೇಬೋರ್ಡ್:
ಸರಿಯಾಗಿ ಹೇಳಿದ್ರಿ. ಇನ್ನೊಂದು, 7510ರಲ್ಲಿ ಎರಡು ಸ್ಲಾಟ್ ಕೆಳಗಿನ ಕವರ್ ಒಳಗೆ, ಇನ್ನೆರಡು ಕೀಬೋರ್ಡ್ ಅಡಿ. ಕೀಬೋರ್ಡಿನ ತೆಳು ಪಟ್ಟಿ ಕೇಬಲ್ ಎಳೀಬೇಡಿ, ಮೊದಲು ಅದರ ಪುಟ್ಟ ಲಾಕ್ ಎತ್ತಿ. ಸ್ಟಿಕ್ ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಗೆರೆ ಹೆಚ್ಚುಕಮ್ಮಿ ಕಾಣದಷ್ಟು ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿದ್ರೆ ಎರಡೂ ಕಡೆ ಕ್ಲಿಪ್ ಟಕ್ ಅಂತ ಬೀಳ್ಬೇಕು. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಗೇ ಸ್ವಲ್ಪ ಹೊತ್ತು ಇರಬಹುದು, ಗಾಬರಿಯಾಗಿ ಆಫ್ ಮಾಡ್ಬೇಡಿ. ಸೆಕೆಂಡ್ ಹ್ಯಾಂಡ್ ಸ್ಟಿಕ್ ಆದ್ದರಿಂದ ರ್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86+ ಪೆನ್‌ಡ್ರೈವಿಗೆ ಹಾಕಿ ರಾತ್ರಿ ಓಡಿಸಿ. ಒಂದೇ ಒಂದು ಎರರ್ ಬಂದ್ರೂ ಆ ಸ್ಟಿಕ್ ವಾಪಸ್. ಇಲ್ಲಾಂದ್ರೆ ನಾಳೆ ಒಡಿಎಂ ಮಧ್ಯದಲ್ಲಿ ನಿಂತಾಗ ಫೋಟೋದ ತಪ್ಪಾ, ಸಾಫ್ಟ್‌ವೇರ್ ತಪ್ಪಾ, ರ್ಯಾಮ್ ತಪ್ಪಾ ಅಂತ ಗೊತ್ತಾಗಲ್ಲ.

ಶಿರಸಿ_ಸರ್ವೆ:
ಎಂಟು ಚಿಪ್ಪು ಎಣಿಸಿಕೊಂಡೇ ತಗೊಂಡೆ. 2666ರ ಸ್ಟಿಕ್ಕಲ್ಲಿ ಮೆಮ್‌ಟೆಸ್ಟ್ ಕೆಂಪು ಗೆರೆ ತೋರಿಸ್ತು, ಕೊಟ್ಟೋರು ಬದಲಾಯಿಸಿ ಕೊಟ್ರು, ಈಗ ನಾಕೂ ಶುದ್ಧ. ಉಬುಂಟು ಹಾಕಿ ಒಟ್ಟು 64 ಜಿಬಿ ಕಾಣಿಸ್ತಿದೆ. ಒಂದು ತೋಟದ 380 ಫೋಟೋ ಸಂಜೆ ಹಾಕಿದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಆರ್ಥೋ, ಡಿಎಸ್‌ಎಂ (ಎತ್ತರದ ನಕ್ಷೆ) ಎರಡೂ ರೆಡಿ. ಹಳ್ಳದ ಆಚೆ ದಂಡೆಯ ಬದು ಕೂಡ ಸ್ಪಷ್ಟ ಬಂದಿದೆ. ಮಧ್ಯೆ ಕರೆಂಟ್ ಹೋಗಿತ್ತಂತೆ, ಇನ್ವರ್ಟರ್ ಎಳೀತು. ನಿಮ್ಮೆಲ್ಲರ ಉಪಕಾರ ಮರೆಯಲ್ಲ.

ಕುಡ್ಲ_ಲಿನಕ್ಸ್:
ಭಾರೀ ಖುಷಿ ಆಯ್ತು. ಸಾವಿರ ದಾಟಿದ ಫೋಟೋ ಬಂದಾಗ ರ್ಯಾಮ್ ಒತ್ತಡ ಆದ್ರೆ ಮ್ಯಾಕ್ಸ್ ಕನ್‌ಕರೆನ್ಸಿ (ಒಟ್ಟಿಗೆ ಓಡುವ ಕೆಲಸಗಳ ಸಂಖ್ಯೆ) 8ರಿಂದ 4ಕ್ಕೆ ಇಳಿಸಿ, ಅಥವಾ ಸ್ಪ್ಲಿಟ್ ಆಯ್ಕೆ ಕೊಟ್ಟು ತುಂಡು ತುಂಡಾಗಿ ಓಡಿಸಿ. ಸಮಯ ಹೆಚ್ಚು ತಗೊಳ್ತದೆ, ಆದ್ರೆ ನಿಲ್ಲುವುದಿಲ್ಲ.

ಕಲಬುರಗಿ_ಪ್ರಿಂಟ್:
ನಮಸ್ಕಾರ್ರೀ. ನಂದು ಪ್ರಿಸಿಷನ್ ಎಂ4800 ಅದ, ಐ7 4810ಎಂಕ್ಯೂ. ಪ್ರೆಸ್ಸಿನ್ಯಾಗ ಡಿಸೈನ್ ಕೆಲಸಕ್ಕ ಇಟ್ಟೀನಿ. ಇದಕ್ಕೂ 64 ಜಿಬಿ ಹಾಕಬಹುದೇನ್ರಿ? ಎನ್‌ವಿಎಂಇ ಎಸ್‌ಎಸ್‌ಡಿ ಸೇರ್ತದೇನ್?

ಹಳೇಬೋರ್ಡ್:
ಇಲ್ಲ ಸರ್, ಅದು 2013ರ ಮಾಡೆಲ್, ಡಿಡಿಆರ್3ಎಲ್ ರ್ಯಾಮ್, ಮಾಮೂಲಿ 8ರ ನಾಕು ಸ್ಟಿಕ್ ಸೇರಿ 32 ಜಿಬಿನೇ ಮಿತಿ. ಡಿಡಿಆರ್4 ಸ್ಟಿಕ್ ಅದರ ಸ್ಲಾಟಿಗೆ ಕೂರೋದೇ ಇಲ್ಲ. ಎಂ.2 ಸ್ಲಾಟೂ ಇಲ್ಲ, ಎಂಸಾಟಾ (ಹಳೇ ಥರದ ಸಣ್ಣ ಎಸ್‌ಎಸ್‌ಡಿ ಸ್ಲಾಟು) ಒಂದಿದೆ, ಜೊತೆಗೆ 2.5 ಇಂಚಿನ ಸಾಟಾ. ಒಂದು ಒಳ್ಳೆ 2.5 ಇಂಚಿನ ಎಸ್‌ಎಸ್‌ಡಿ ಹಾಕಿ, ಡಿಸೈನ್ ಕೆಲಸಕ್ಕೆ ಸಾಕು. ಪ್ರೊಸೆಸರ್ ಮಾತ್ರ ಅದರಲ್ಲಿ ಸಾಕೆಟಲ್ಲಿ ಇರತ್ತೆ, ಬದಲಾಯಿಸಬಹುದು, ಆದ್ರೆ 4810ರಿಂದ 4910ಕ್ಕೆ ಹೋದ್ರೆ ಕೊಟ್ಟ ದುಡ್ಡಿಗೆ ತಕ್ಕ ಫರಕ್ ಕಾಣಲ್ಲ. ಅದರ ಅಡಾಪ್ಟರೂ 180 ವ್ಯಾಟೇ, ಅದೇ ದಪ್ಪ ಪಿನ್ನು, ಬಯೋಸಲ್ಲಿ ಎಷ್ಟು ಅಂತ ತೋರಿಸತ್ತೆ ನೋಡಿ ಬರೀರಿ.

ಕಲಬುರಗಿ_ಪ್ರಿಂಟ್:
ನೋಡಿದೆ ರೀ, 180 ಅಂತ ಬಂದದ. ಎಸ್‌ಎಸ್‌ಡಿ ಅಷ್ಟ ತಗೋತೀನಿ ಹಂಗಾರ.